ಮುಖ ತೋರಿಸಿ ಹೋಗಿ

ಪಂಚಾಯಿತಿ ನೌಕರರೆಲ್ಲ ಮೊಬೈಲಿಗೆ ಮುಖ ತೋರಿಸಿಯೇ ಹಾಜರಿ ಹಾಕಬೇಕು, ಸಂಬಳ ಅದನ್ನು ನೋಡಿಕೊಂಡೇ ಅನ್ನುವ ಸುದ್ದಿ ಓದಿ ನನಗಂತೂ ತುಂಬಾ ಸಂತೋಷವಾಯಿತು. ಹಿಂದೆ ಹಾಜರಿ ಪುಸ್ತಕ ಇತ್ತು. ಸೋಮವಾರ ಬಂದವರು ಶನಿವಾರದವರೆಗಿನ ಸಹಿಯನ್ನೂ ಹಾಕಿ ಹೋಗುತ್ತಿದ್ದರು. ಆಮೇಲೆ ಹೆಬ್ಬೆಟ್ಟಿನ ಯಂತ್ರ ಬಂತು. ದುಡಿದು ಸವೆದ ಬೆರಳುಗಳು ಅದಕ್ಕೆ ಕಾಣಿಸಲೇ ಇಲ್ಲ. 2020ರಲ್ಲಿ ಕೊರೊನಾ ಬಂದಾಗ ಅದಕ್ಕೂ ರಜೆ ಕೊಟ್ಟರು. ಈಗ ಮುಖದ ಸರದಿ.

ಈ ವ್ಯವಸ್ಥೆಯಿಂದ ಎಲ್ಲರಿಗಿಂತ ಜಾಸ್ತಿ ಲಾಭ ಆಗಿರುವುದು ನಮ್ಮ ನೀರುಗಂಟಿಗೆ. ಹಾಜರಿ ಬೀಳುವುದು ಪಂಚಾಯಿತಿ ಕಟ್ಟಡದಲ್ಲಿ. ಅವನ ಕೆಲಸ ಇರುವುದು ಬೋರ್‌ವೆಲ್ ಹತ್ತಿರ, ಓವರ್‌ಹೆಡ್ ಟ್ಯಾಂಕಿನ ಕೆಳಗೆ, ಬೀದಿ ಬೀದಿಯ ವಾಲ್ವ್‌ಗಳ ಬಳಿ. ಕರೆಂಟು ಬಂದಾಗ ಅವನ ಆಫೀಸು ಶುರು. ರಾತ್ರಿ ಎರಡಕ್ಕೆ ತ್ರೀ ಫೇಸ್ ಕೊಟ್ಟರೆ ಎರಡಕ್ಕೇ ಎದ್ದು ಮೋಟರ್ ಹಾಕಬೇಕು. ಬೆಳಗ್ಗೆ ಐದಕ್ಕೆ ಮೇಲಿನ ಕೇರಿಗೆ ನೀರು ಬಿಟ್ಟು, ಆರೂವರೆಗೆ ವಾಲ್ವ್ ತಿರುಗಿಸಿ ಕೆಳಗಿನ ಕೇರಿಗೆ ಬಿಡಬೇಕು. ಹತ್ತು ನಿಮಿಷ ತಡವಾಯಿತೋ, ಬಿಂದಿಗೆ ಸಾಲಿನಲ್ಲಿ ನಿಂತ ಹೆಂಗಸರು ಅವನ ಹಾಜರಿ ತೆಗೆದುಕೊಳ್ಳುತ್ತಾರೆ. ಆ ಹಾಜರಿಗೆ ನೆಟ್‌ವರ್ಕ್ ಬೇಕಿಲ್ಲ. ಅವನ ಅಪ್ಪ, ಅಜ್ಜ ಎಲ್ಲರ ಹಾಜರಿಯೂ ಒಟ್ಟಿಗೇ ಆಗುತ್ತದೆ.

ಇಷ್ಟೆಲ್ಲ ಮುಗಿಸಿ, ಮೊಣಕಾಲುದ್ದ ಕೆಸರಲ್ಲಿ, ಹತ್ತು ಗಂಟೆಗೆ ಅವನು ಫೋನಿನ ಮುಂದೆ ನಿಂತರೆ ಮುಖ ಹೊಂದಿಕೆಯಾಗುತ್ತಿಲ್ಲ ಅನ್ನುತ್ತದಂತೆ ಆ್ಯಪ್. ಹೇಗೆ ಆಗಬೇಕು? ನೋಂದಣಿ ದಿನ ಪಾಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ವಿಭೂತಿ ಹಚ್ಚಿಕೊಂಡು ಬಂದಿದ್ದ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಕಥೆ ಇನ್ನೊಂದು. ಎರಡು ಪಂಚಾಯಿತಿ ಚಾರ್ಜ್ ಇದ್ದವರಿಗೂ ದೇವರು ಕೊಟ್ಟಿರುವುದು ಒಂದೇ ಮುಖ. ಅದನ್ನು ಇಲ್ಲಿ ತೋರಿಸಿದ್ದಾರೋ ಅಲ್ಲಿ ತೋರಿಸಿದ್ದಾರೋ ಜನರಿಗೆ ಗೊತ್ತಾಗುವುದಿಲ್ಲ. ಗೊತ್ತಾಗಿ ಹೋದರೂ ತಾಲ್ಲೂಕು ಪಂಚಾಯಿತಿಯಲ್ಲಿ ಮೀಟಿಂಗ್. ಮೀಟಿಂಗ್ ಇಲ್ಲದ ದಿನ ವಿಡಿಯೊ ಕಾನ್ಫರೆನ್ಸ್. ಅದೂ ಇಲ್ಲದ ಶುಭದಿನ ಸರ್ವರ್ ಇರುವುದಿಲ್ಲ. ಕರ್ನಾಟಕದಲ್ಲಿ ಅತಿ ಹೆಚ್ಚು ಗೈರಾಗುವ ನೌಕರ ಈ ಸರ್ವರ್. ಇಷ್ಟು ವರ್ಷದಲ್ಲಿ ಅದಕ್ಕೆ ಒಂದು ನೋಟಿಸ್ ಕೊಟ್ಟವರನ್ನು ನಾನು ಕಾಣೆ.

ಕ್ಯಾಮೆರಾ ಮೇಲೆ ನಮ್ಮ ಸರ್ಕಾರಗಳಿಗೆ ಇರುವ ಭಕ್ತಿ ಹೊಸದೇನಲ್ಲ. ನರೇಗಾ ಕೂಲಿಯವರ ಹಾಜರಿಗೆ ಕೇಂದ್ರ ಸರ್ಕಾರ 2021ರಲ್ಲಿ ಒಂದು ಆ್ಯಪ್ ತಂದಿತು. 2023ರ ಜನವರಿಯಿಂದ ಎಲ್ಲ ಕಡೆ ಕಡ್ಡಾಯ ಮಾಡಿತು. ಬೆಳಗ್ಗೆ ಒಂದು ಫೋಟೊ, ಮಧ್ಯಾಹ್ನ ಒಂದು ಫೋಟೊ. ಕೆರೆ ಹೂಳು ಎಷ್ಟು ಎತ್ತಿದರೋ ಬಿಡಿ, ಫೋಟೊ ಮಾತ್ರ ಬೇಕೇ ಬೇಕು. ಸಿಗ್ನಲ್ ಹುಡುಕಿಕೊಂಡು ಕೂಲಿ ತಂಡದ ಮುಂದಾಳುಗಳಾದ ಕಾಯಕ ಬಂಧುಗಳು ಕೆರೆ ಏರಿ ಮೇಲೆ ಫೋನು ಎತ್ತಿ ಹಿಡಿದು ಓಡಾಡಿದ್ದೇ ಓಡಾಡಿದ್ದು. ಎರಡೂವರೆ ವರ್ಷ ಆದ ಮೇಲೆ, 2025ರ ಜುಲೈನಲ್ಲಿ, ಅದೇ ಕೇಂದ್ರ ಸಚಿವಾಲಯ ಸುತ್ತೋಲೆ ಹೊರಡಿಸಿತು: ಕೆಲವು ಕಡೆ ಸಂಬಂಧವಿಲ್ಲದ ಫೋಟೊ ಹಾಕುತ್ತಿದ್ದಾರೆ, ಕೆಲವು ಕಡೆ ಫೋಟೊದ ಫೋಟೊ ತೆಗೆಯುತ್ತಿದ್ದಾರೆ. ಮದ್ದೇನು ಗೊತ್ತಾ? ಪಂಚಾಯಿತಿಯವರು ಕೂತು 100ಕ್ಕೆ 100 ಫೋಟೊ ಪರಿಶೀಲಿಸಬೇಕು. ಅಂದರೆ ಕೂಲಿಯವರನ್ನು ಆ್ಯಪ್ ಕಾಯಬೇಕು, ಆ್ಯಪನ್ನು ಪಂಚಾಯಿತಿ ಕಾಯಬೇಕು, ಪಂಚಾಯಿತಿಯನ್ನು ಇನ್ನೊಂದು ಆ್ಯಪ್ ಕಾಯಬೇಕು. ಇಷ್ಟು ಜನ ಕಾಯುವಾಗ ಕೆರೆ ಎಲ್ಲಿಗೆ ಓಡಿಹೋಗುತ್ತದೆ ಬಿಡಿ.

ಗ್ರಾಮ ಆಡಳಿತ ಅಧಿಕಾರಿಗಳಂತೂ ಆ್ಯಪ್ ಕಾಟ ತಾಳಲಾರದೆ 2024ರ ಸೆಪ್ಟೆಂಬರ್‌ನಲ್ಲಿ ಮುಷ್ಕರಕ್ಕೆ ಕೂತರು. ಲ್ಯಾಂಡ್ ಬೀಟ್‌ಗೆ ಒಂದು, ಬಗರ್ ಹುಕುಂಗೆ ಒಂದು, ಪಿಂಚಣಿಗೆ ನವೋದಯ, ಎಲೆಕ್ಷನ್‌ಗೆ ಗರುಡ. ಎಲ್ಲ ಒಂದೇ ಫೋನಿನಲ್ಲಿ. 2025ರ ಫೆಬ್ರವರಿಯಲ್ಲಿ ಮತ್ತೆ ಕೂತರು. ಅವರ ಬೇಡಿಕೆ ಪಟ್ಟಿಯಲ್ಲಿ ಲ್ಯಾಪ್‌ಟಾಪ್, ಪ್ರಿಂಟರ್ ಜೊತೆಗೆ ಒಂದು ಟೇಬಲ್, ಒಂದು ಕುರ್ಚಿಯೂ ಇತ್ತು. ಸರ್ಕಾರಿ ಅಧಿಕಾರಿ ಕುರ್ಚಿಗಾಗಿ ಬೀದಿಯಲ್ಲಿ ಕೂತ.

ಅದೇ ಫೆಬ್ರವರಿಯಲ್ಲಿ ವಿಧಾನಸೌಧದಲ್ಲೂ ಕುರ್ಚಿಯ ಮಾತೇ ನಡೆದಿತ್ತು, ನೆನಪಿದೆಯಾ? ಊಟ ಆದ ಮೇಲೆ ಶಾಸಕರು ಸದನಕ್ಕೆ ವಾಪಸ್ ಬರುವುದಿಲ್ಲ, ಅದಕ್ಕೆ ಲಾಬಿಯಲ್ಲಿ ಒರಗಿಕೊಳ್ಳಲು 15 ರಿಕ್ಲೈನರ್ ಕುರ್ಚಿ ಬಾಡಿಗೆಗೆ ತರಿಸೋಣ ಅಂದರು ಸ್ಪೀಕರ್ ಯು.ಟಿ. ಖಾದರ್. ಎಂಥ ದಯೆ! ನೀರುಗಂಟಿ ಬರದಿದ್ದರೆ ಸಂಬಳ ಕಟ್, ಶಾಸಕರು ಬರದಿದ್ದರೆ ದಿಂಬು. ನ್ಯಾಯವಾಗಿ ಹೇಳಬೇಕು, ಶಾಸಕರು ಎಷ್ಟು ಹೊತ್ತಿಗೆ ಬಂದರು, ಯಾವಾಗ ಹೋದರು ಎಂದು ನೋಡಲು 2024ರಲ್ಲೇ ಎಐ ಕ್ಯಾಮೆರಾ ಕೂಡ ಇಟ್ಟಿದ್ದರು. ರಿಕ್ಲೈನರ್ ಮಾತು ಬಂದ ಮರು ತಿಂಗಳೇ ಶಾಸಕರ ತಿಂಗಳ ವೇತನ 40,000ದಿಂದ 80,000ಕ್ಕೆ ಏರಿತು. ಕ್ಯಾಮೆರಾ ಅವರಲ್ಲಿ ಏನೋ ಒಳ್ಳೆಯದನ್ನೇ ಕಂಡಿರಬೇಕು.

ಸಾಕು, ನಗು ಸಾಕು. ಕೆಲಸ ಅಳೆಯುವುದು ಈ ರಾಜ್ಯಕ್ಕೆ ಗೊತ್ತಿಲ್ಲದ ವಿದ್ಯೆ ಏನಲ್ಲ. 2012ರಲ್ಲೇ ಸಕಾಲ ತಂದರು. ಅದು ಮುಖ ನೋಡುತ್ತಿರಲಿಲ್ಲ, ಅರ್ಜಿ ನೋಡುತ್ತಿತ್ತು. ಅರ್ಜಿಗೊಂದು ನಂಬರ್, ಇಂಥ ಕೆಲಸಕ್ಕೆ ಇಷ್ಟು ದಿನ, ತಪ್ಪಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅರ್ಜಿದಾರರಿಗೆ ಕೊಡಬೇಕು. ಅಧಿಕಾರಿಗಳೇ, ಇಷ್ಟು ಸರಳವಾದ ಕಾನೂನನ್ನು ಏನು ಮಾಡಿದಿರಿ? ಸಕಾಲ ನಂಬರ್ ಯಾಕೆ ಸುಮ್ನೆ, ನಾವೇ ಫೋನ್ ಮಾಡ್ತೀವಿ ಬಿಡಿ ಅನ್ನುವುದನ್ನು ಕಲಿತಿರಿ. ಕೊನೇ ದಿನ ದಾಖಲೆ ಸರಿಯಿಲ್ಲ ಎಂದು ಅರ್ಜಿ ವಾಪಸ್ ಕಳಿಸುವುದನ್ನು ಕಲಿತಿರಿ. ಗಂಡ ಸತ್ತ ಹೆಂಗಸು ಅವನ ಜಮೀನನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಪೌತಿ ಖಾತೆಗೆ ತಿಂಗಳುಗಟ್ಟಲೆ ಅಲೆಯುತ್ತಾಳೆ. ಆ ಎಲ್ಲ ದಿನವೂ ಕಚೇರಿಯಲ್ಲಿ ಎಲ್ಲರ ಹಾಜರಿ ಸರಿಯಾಗಿಯೇ ಇರುತ್ತದೆ. ಮುಖ ಬಂದಿದೆ, ಫೈಲು ಬಂದಿಲ್ಲ. ಇದನ್ನು ಯಾವ ಆ್ಯಪಿನಲ್ಲಿ ಹಾಕೋಣ ಹೇಳಿ?

ಆ 20 ರೂಪಾಯಿಯನ್ನು ಯಾರಾದರೂ ಈಸಿಕೊಂಡಿದ್ದು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ. ತಾಲ್ಲೂಕಿಗೆ ಹೋಗಿ ಬರುವ ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗಾದರೂ ಅಲೆದಾಟ ಪುಕ್ಕಟೆ ಆಗಿದೆ. ಗಂಡಸರು ಟಿಕೆಟ್ ತೆಗೆದುಕೊಂಡೇ ಅಲೆಯಬೇಕು.