ತೀರ್ಪು ಬರುವ ಮೊದಲೇ ಹಾಸ್ಟೆಲ್ ಸೇರಿಕೊಳ್ಳಿ

ಮಹಿಳಾ ದಿನಾಚರಣೆಯ ಅಂಗವಾಗಿ ತಮ್ಮ ಕಾಲೇಜಿನಲ್ಲಿ ‘ಪಿಂಕ್’ ಚಿತ್ರವನ್ನು ತೋರಿಸಿದ ಸಂಗತಿಯನ್ನು ಅಧ್ಯಾಪಕ ಮಿತ್ರರೊಬ್ಬರು ಬಹಳ ಹೆಮ್ಮೆಯಿಂದ ತಿಳಿಸಿದರು. ಪ್ರದರ್ಶನ ವಿದ್ಯಾರ್ಥಿನಿಯರಿಗೆ ಮಾತ್ರ. ಹುಡುಗರಿಗೆ ಅರ್ಧ ದಿನದ ರಜೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ-ತುರಾಯಿ, ಮುಖ್ಯ ಅತಿಥಿಗಳ ಭಾಷಣ ಎಲ್ಲವೂ ಮುಗಿದು ಚಿತ್ರ ಶುರುವಾಗುವಾಗ ಸಂಜೆ ನಾಲ್ಕೂವರೆ. ಚಿತ್ರದ ಅವಧಿ 136 ನಿಮಿಷ. ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಮುಚ್ಚುವುದು ಆರೂವರೆಗೆ. ಹೀಗಾಗಿ ಚಿತ್ರದೊಳಗಿನ ನ್ಯಾಯಾಲಯ ತೀರ್ಪು ಕೊಡುವುದಕ್ಕೆ ಮೊದಲೇ ವಾರ್ಡನ್ ಮೇಡಂ ಎಲ್ಲರನ್ನೂ ಎಬ್ಬಿಸಿ, ಸಾಲಾಗಿ ನಿಲ್ಲಿಸಿ, ಹಾಜರಿ ಕೂಗಿ ಕರೆದುಕೊಂಡು ಹೋದರಂತೆ. ಹೆಣ್ಣು ಎಷ್ಟು ಹೊತ್ತಿನಲ್ಲಿ ಎಲ್ಲಿರಬೇಕೆಂದು ಊರಿನವರೆಲ್ಲ ಏಕೆ ತೀರ್ಮಾನಿಸುತ್ತಾರೆ ಎಂದು ಕೇಳುವ ಚಿತ್ರಕ್ಕೆ ಇಷ್ಟು ಸಮಂಜಸವಾದ ಮುಕ್ತಾಯ ನಿರ್ದೇಶಕ ಅನಿರುದ್ಧ ರಾಯ್ ಚೌಧರಿಯವರಿಗೂ ಹೊಳೆದಿರಲಿಲ್ಲ.

ಕಥೆ ಓದುಗರಿಗೆ ಗೊತ್ತಿರುವಂಥದ್ದೇ. 2016ರ ಆ ಚಿತ್ರದಲ್ಲಿ, ಮೈಮೇಲೆ ಬಿದ್ದವನನ್ನು ಬಾಟಲಿಯಿಂದ ಹೊಡೆದ ಯುವತಿಯೇ ಕೊಲೆಯತ್ನದ ಆರೋಪಿಯಾಗಿ ದೆಹಲಿಯ ನ್ಯಾಯಾಲಯದಲ್ಲಿ ನಿಂತು, ತನ್ನ ಕುಡಿತ, ಗೆಳೆತನ, ರಾತ್ರಿಯ ಓಡಾಟಗಳಿಗೆಲ್ಲ ಲೆಕ್ಕ ಒಪ್ಪಿಸಬೇಕಾಗುತ್ತದೆ. ಅವಳ ಪರ ವಕೀಲರು ಹೆಣ್ಣುಮಕ್ಕಳು ಪಾಲಿಸಬೇಕಾದ ನಿಯಮಗಳೆಂದು ಕೆಲವನ್ನು ವ್ಯಂಗ್ಯವಾಗಿ ಹೇಳುತ್ತಾರೆ. ಧೂಮಪಾನದ ದೃಶ್ಯಕ್ಕೆ ಎಚ್ಚರಿಕೆ ಹಾಕುವಂತೆ ಆ ಮಾತುಗಳ ಕೆಳಗೂ ‘ಇದು ವ್ಯಂಗ್ಯ’ ಎಂದು ಹಾಕಿದ್ದರೆ ಚೆನ್ನಾಗಿತ್ತು. ಹಾಕದ ಕಾರಣ ನಮ್ಮ ಆಡಳಿತಗಾರರು ಅದನ್ನು ಕರಡು ಸುತ್ತೋಲೆಯೆಂದು ಭಾವಿಸಿ ಬರೆದುಕೊಂಡು ಬಂದಂತೆ ಕಾಣುತ್ತದೆ.

ಇಲ್ಲವಾದರೆ, 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದ ಬೆನ್ನಲ್ಲೇ, ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿ ಆವರಣದಲ್ಲಿ ಒಂಟಿಯಾಗಿ ಓಡಾಡಬಾರದು, ಕುಕ್ಕರಹಳ್ಳಿ ಕೆರೆಯ ಕಡೆ ಹೋಗಬಾರದು ಎಂದು ಮೈಸೂರು ವಿಶ್ವವಿದ್ಯಾನಿಲಯ ಸುತ್ತೋಲೆ ಹೊರಡಿಸಿದ್ದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು? ಅಪರಾಧ ನಡೆದದ್ದು ಬೆಟ್ಟದ ಬುಡದಲ್ಲಿ, ನಿರ್ಬಂಧ ಬಿದ್ದದ್ದು ಕೆರೆಗೆ. ಅಪರಾಧಿಗಳು ಗಂಡಸರು, ಸುತ್ತೋಲೆ ಹೆಂಗಸರಿಗೆ. ಕೆರೆಯ ಹೆಜ್ಜಾರ್ಲೆಗಳ ಪೈಕಿ ಹೆಣ್ಣು ಹಕ್ಕಿಗಳ ವಿಚಾರದಲ್ಲಿ ಸುತ್ತೋಲೆ ಮೌನವಾಗಿತ್ತು. ಆಗಿನ ಗೃಹ ಸಚಿವ ಆರಗ ಜ್ಞಾನೇಂದ್ರ ಅವರಂತೂ ಆ ಹೊತ್ತಿನಲ್ಲಿ ಆ ವಿದ್ಯಾರ್ಥಿನಿ ಬೆಟ್ಟದ ಕಡೆ ಹೋಗಬಾರದಿತ್ತೆಂದು ತನಿಖೆ ಮುಗಿಯುವ ಮುನ್ನವೇ ತಪ್ಪು ಯಾರದೆಂದು ತಿಳಿಸಿ ಪೊಲೀಸರ ಶ್ರಮವನ್ನು ಹಗುರ ಮಾಡಿದರು.

ಸಿನಿಮಾದವರನ್ನಾದರೂ ಮೆಚ್ಚೋಣವೆಂದರೆ ಅಲ್ಲಿಯೂ ವಿಶೇಷವಿದೆ. ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ವೃತ್ತಿಯಿಂದ ದೂರ ಸರಿದ, ಮಾನಸಿಕ ಕಾಯಿಲೆಯ ವೃದ್ಧ ವಕೀಲರಾಗಿದ್ದರು. ಅದೇ ವಕೀಲರು 2019ರಲ್ಲಿ ತಮಿಳಿನ ಅಜಿತ್ ಆಗಿ, 2021ರಲ್ಲಿ ತೆಲುಗಿನ ಪವನ್ ಕಲ್ಯಾಣ್ ಆಗಿ ದಕ್ಷಿಣಕ್ಕೆ ವರ್ಗವಾದಾಗ ಅವರಿಗೆ ವಯಸ್ಸು ಇಳಿಯಿತು, ಫ್ಲ್ಯಾಶ್‌ಬ್ಯಾಕಿನಲ್ಲಿ ಹೆಂಡತಿ ಸಿಕ್ಕಳು, ಗೂಂಡಾಗಳನ್ನು ಹೊಡೆದುರುಳಿಸುವ ತೋಳ್ಬಲವೂ ಬಂತು. ಆ ಯುವತಿ ಮತ್ತು ಅವಳ ಇಬ್ಬರು ಗೆಳತಿಯರ ಮಾತನ್ನು ನಂಬಲು ನ್ಯಾಯಾಧೀಶರಿಗೆ ಸಾಕ್ಷ್ಯ ಸಾಕು. ಅಭಿಮಾನಿ ಸಂಘಗಳಿಗೆ ನಾಲ್ಕಾರು ಮೂಳೆ ಮುರಿಯಲೇಬೇಕು. ಬೇಡ ಎಂದರೆ ಬೇಡ ಎಂಬ ಚಿತ್ರದ ಪ್ರಸಿದ್ಧ ವಾದಕ್ಕೆ ಬಿದ್ದ ಶಿಳ್ಳೆಗಳ ವಿಷಯವೂ ಅಷ್ಟೆ. ಬೇಡ ಎಂದು ಆ ಹುಡುಗಿ ಆಗಲೇ ಹೇಳಿದ್ದಳು. ಅದೇ ಮಾತು ದೊಡ್ಡ ನಟನ ಗಡಸು ದನಿಯಲ್ಲಿ, ಕರಿ ಕೋಟಿನೊಳಗಿಂದ ಹೊರಟ ಮೇಲೆಯೇ ಪ್ರೇಕ್ಷಕರ ಕಿವಿಗೆ ಬಿದ್ದದ್ದು.

ಹಿಂದಿಯ ‘ಪಿಂಕ್’ಗೆ ಬಿದ್ದ ಶಿಳ್ಳೆಯ ಸದ್ದು ಅಡಗಿ ಕೆಲವೇ ತಿಂಗಳಿಗೆ, 2016ರ ಡಿಸೆಂಬರ್ 31ರ ರಾತ್ರಿ, ಬೆಂಗಳೂರಿನ ಎಂ.ಜಿ. ರಸ್ತೆ ಮತ್ತು ಬ್ರಿಗೇಡ್ ರಸ್ತೆಗಳಲ್ಲಿ ಹೆಣ್ಣುಮಕ್ಕಳ ಮೇಲೆ ಜನ ಕೈಹಾಕಿದರು. ಅಂದಿನ ಗೃಹ ಸಚಿವ ಜಿ. ಪರಮೇಶ್ವರ ಅವರಿಗೆ ಅದರಲ್ಲಿ ಪಾಶ್ಚಾತ್ಯ ಮನೋಭಾವವೂ ಉಡುಪೂ ಕಂಡವು. ಸರ್ಕಾರಗಳು ಬದಲಾಗುತ್ತವೆ, ಗೃಹ ಇಲಾಖೆಯ ವಿವರಣೆ ಬದಲಾಗುವುದಿಲ್ಲ.

ನ್ಯಾಯಾಲಯದ ಮಾತಿಗೆ ಬಂದರೆ, ಸಂತ್ರಸ್ತೆಯ ನಡತೆ ಸರಿಯಿಲ್ಲವೆಂದು ತೋರಿಸಿ ಅವಳ ಸಾಕ್ಷ್ಯವನ್ನು ಅಲ್ಲಗಳೆಯಲು ಅವಕಾಶ ಕೊಟ್ಟಿದ್ದ ಸಾಕ್ಷ್ಯ ಅಧಿನಿಯಮದ 155(4)ನೆಯ ಉಪಕಲಮನ್ನು 2002ರ ತಿದ್ದುಪಡಿಯೇ ಕಿತ್ತುಹಾಕಿತ್ತು. ಕಲಮು ಹೋಯಿತು, ಪ್ರಶ್ನೆ ಉಳಿಯಿತು. 2020ರ ಜೂನ್‌ನಲ್ಲಿ ಅತ್ಯಾಚಾರದ ಆರೋಪಿಯೊಬ್ಬನಿಗೆ ನಿರೀಕ್ಷಣಾ ಜಾಮೀನು ಕೊಟ್ಟ ನಮ್ಮ ಹೈಕೋರ್ಟಿನ ಆದೇಶ, ದೂರುದಾರಳು ರಾತ್ರಿ 11 ಗಂಟೆಗೆ ಕಚೇರಿಗೆ ಹೋದದ್ದೇಕೆಂದು ಕೇಳಿತು. ಕೃತ್ಯದ ನಂತರ ದಣಿದು ನಿದ್ದೆಹೋದೆನೆಂಬ ಅವಳ ವಿವರಣೆ ಭಾರತೀಯ ಮಹಿಳೆಗೆ ತಕ್ಕುದಲ್ಲವೆಂದಿತು. ಆಮೇಲೆ ಆ ಮಾತನ್ನು ಆದೇಶದಿಂದ ತೆಗೆದರು. ಇಂಥ ಪೂರ್ವಗ್ರಹದ ಮಾತುಗಳನ್ನು ಬಳಸಬಾರದೆಂದು ನ್ಯಾಯಾಧೀಶರಿಗೂ ವಕೀಲರಿಗೂ ತಿಳಿಹೇಳುವ ಕೈಪಿಡಿಯನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಹೊರತಂದಿತು. ಸಂತೋಷ. ಆದರೆ ತನ್ನ ನಿದ್ದೆಗೂ ಸಮಜಾಯಿಷಿ ಕೊಡಬೇಕಾಗಿ ಬಂದ ಒಬ್ಬ ಹೆಣ್ಣುಮಗಳಿದ್ದಳಲ್ಲ, ಅವಳಿಗೆ ಯಾವ ಕೈಪಿಡಿ ಕೊಡುತ್ತೀರಿ? ಇದರಲ್ಲಿ ನಗುವುದಕ್ಕೆ ಏನೂ ಇಲ್ಲ, ಬರೆದು ಬರೆದು ಬೇಸರವಾಗಿದೆ.

ನಗು ಬೇಕಾದವರು ವಿಧಾನಸಭೆಯ ಕಡತವನ್ನೇ ನೋಡಬೇಕು. 2021ರ ಡಿಸೆಂಬರಿನಲ್ಲಿ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ, ಮಾತನಾಡಲು ಸಮಯ ಕೇಳುತ್ತಿದ್ದ ಸದಸ್ಯರ ಗದ್ದಲದ ನಡುವೆ, ಹಿಂದೆ ತಾವೇ ಸಭಾಧ್ಯಕ್ಷರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಅವರು ಅತ್ಯಾಚಾರ ತಪ್ಪಿಸಲಾಗದಾಗ ಮಲಗಿ ಆನಂದಿಸಬೇಕೆಂಬ ಹಳೆಯ ಮಾತನ್ನು ಉದಾಹರಣೆಯಾಗಿ ಕೊಟ್ಟರು. ಪೀಠದಲ್ಲಿದ್ದ ಅಂದಿನ ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿಯವರು ನಕ್ಕರು. ಮರುದಿನ ಮಹಿಳಾ ಸದಸ್ಯರು ಪ್ರತಿಭಟಿಸಿದರು, ರಮೇಶ್ ಕುಮಾರ್ ಕ್ಷಮೆ ಕೇಳಿದರು, ಇದನ್ನು ಇನ್ನು ಬೆಳೆಸುವುದು ಬೇಡ ಎಂದು ಸಭಾಧ್ಯಕ್ಷರು ಹೇಳಿದರು. ಬೇಡ ಎಂದರೆ ಬೇಡ ಎಂಬುದು ಸದನಕ್ಕೆ ಅಂದು ಒಂದೇ ಸಲಕ್ಕೆ ಅರ್ಥವಾಯಿತು.