ಓಟಿಪಿ ಕೊಡಿ, ಇಂಟರ್ನೆಟ್ ಆಮೇಲೆ

ರಾತ್ರಿ ಊಟವಾದ ಮೇಲೆ ಬೆಂಗಳೂರಿನಿಂದ ಅಪ್ಪ, ಮಗ, ಮಗಳು, ಹುಬ್ಬಳ್ಳಿಯಿಂದ ಸೋದರಮಾವ, ನಾಲ್ವರೂ ಮೊಬೈಲಿನ ಶೂಟಿಂಗ್ ಗೇಮ್ ಬಿಜಿಎಂಐ ಆಡಲು ಕೂರುತ್ತಾರೆ. ಆಟದಲ್ಲಿ ಪ್ಯಾರಾಚೂಟ್ ನೆಲ ಮುಟ್ಟುವಷ್ಟರಲ್ಲಿ ಪಿಂಗ್, ಅಂದರೆ ಡೇಟಾ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ, 400 ಮಿಲಿಸೆಕೆಂಡ್ ದಾಟಿರುತ್ತದೆ. ಅಪ್ಪ ಗೋಡೆಗೆ ಮುಖ ಕೊಟ್ಟು ನಿಂತಲ್ಲೇ ಓಡುತ್ತಿರುತ್ತಾರೆ. ಅವರನ್ನು ಕೊಂದವನು ಬಂದೂಕು ದೋಚಿಕೊಂಡು ಆಗಲೇ ಹೊರಟಾಯಿತು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ಎಲ್ಲ ರೋಗಕ್ಕೂ ಅಲ್ಲಿ ಒಂದೇ ಮದ್ದು: ರೂಟರ್ ಆಫ್ ಮಾಡಿ ಆನ್ ಮಾಡಿ. ವಾಸಿಯಾಗದಿದ್ದರೆ ಸ್ಪೀಡ್ ಟೆಸ್ಟ್. ಅದರಲ್ಲಿ ಠೀವಿಯಿಂದ 300 ಎಂಬಿಪಿಎಸ್ ಬರುತ್ತದೆ. "ನೋಡಿ ಸರ್, ಸೂಪರಾಗಿದೆ!" ಅವರದೂ ತಪ್ಪಿಲ್ಲ ಬಿಡಿ. 2023ರವರೆಗೂ 512 ಕೆಬಿಪಿಎಸ್, ಅಂದರೆ ಅರ್ಧ ಎಂಬಿಪಿಎಸ್, ಬಂದರೆ ಸಾಕು, ಸರ್ಕಾರ ಅದನ್ನು ಬ್ರಾಡ್‌ಬ್ಯಾಂಡ್ ಎನ್ನುತ್ತಿತ್ತು. ಈಗ 2 ಎಂಬಿಪಿಎಸ್ ಬೇಕು. 300 ಕೊಟ್ಟವರನ್ನು ಬೈಯುವುದು ಹೇಗೆ?

ಆದರೆ ಆಟಕ್ಕೆ ಬೇಕಾದ ಡೇಟಾ ತೀರಾ ಕಡಿಮೆ. ಹೋದದ್ದು ಬೇಗ ವಾಪಸ್ ಬರಬೇಕು, ಅಷ್ಟೇ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ; ಆಟದ ಸರ್ವರ್ ಮುಂಬೈನಲ್ಲಿದೆ ಎಂದುಕೊಂಡರೂ ಅಲ್ಲಿಗೆ ಹೋಗಿ ಬರಲು ಅದಕ್ಕೆ ಹತ್ತು–ಹನ್ನೆರಡು ಮಿಲಿಸೆಕೆಂಡ್ ಸಾಕು. ಮುಂಬೈವರೆಗೆ ನಿಲ್ಲದ್ದು ನಮ್ಮ ಹಾಲ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅತ್ತೆ ಸತ್ಯನಾರಾಯಣ ಪೂಜೆಯ ವಿಡಿಯೋವನ್ನು, ಮಂಗಳಾರತಿ ಸಮೇತ, ಫ್ಯಾಮಿಲಿ ಗ್ರೂಪಿಗೆ ಕಳಿಸುತ್ತಿರುತ್ತಾರೆ. ಅಪ್ಪನ ಗುಂಡುಗಳೆಲ್ಲ ಪ್ರಸಾದದ ಕ್ಯೂನಲ್ಲಿ ಹಿಂದೆ. ಆಟದ ಡೇಟಾವನ್ನು ಮುಂದೆ ಬಿಡುವ ಸೆಟ್ಟಿಂಗ್ ಎಷ್ಟೋ ರೂಟರ್‌ಗಳಲ್ಲಿದೆ. ಆದರೆ ಶೋಕೇಸಿನಲ್ಲಿ ಗಣಪತಿ ಪಕ್ಕ ಕೂತು ನಮ್ಮ ಕರೆಂಟ್ ತಿನ್ನುವ ಈ ರೂಟರಿನ ಅಡ್ಮಿನ್ ಪಾಸ್‌ವರ್ಡ್ ಕಂಪನಿಯವರದು. ಕೇಳಿದರೆ, "ಸೆಕ್ಯುರಿಟಿ ಸರ್."

ಕೊನೆಗೆ ಟೆಕ್ನಿಷಿಯನ್ ಬರುತ್ತಾನೆ. ಹೆಲ್ಮೆಟ್ ತೆಗೆಯುವ ಮುಂಚೆಯೇ, "ಸರ್, ಓಟಿಪಿ ಹೇಳಿ." ಅದು ಕೆಲಸ ಮುಗಿಯಿತು ಎಂದು ನಾವು ಕೊಡಬೇಕಾದ ಓಟಿಪಿ. ಕೊಡದಿದ್ದರೆ ಏಣಿ ಹತ್ತುವುದಿಲ್ಲ. ಕೊಟ್ಟೊಡನೆ ಫೋನ್ ಟಿಂಗ್ ಅನ್ನುತ್ತದೆ: ನಿಮ್ಮ ದೂರು ಬಗೆಹರಿದಿದೆ.

ಆಮೇಲೆ ಅವನು ಹೊರಗಿನ ಹೊಂಗೆಮರ ನೋಡುತ್ತಾನೆ. ಎಲೆಗಿಂತ ಕೇಬಲ್ಲೇ ಜಾಸ್ತಿ. ಯಾವುದೋ ಒಂದು ಕಪ್ಪು ಸುರುಳಿ ಎಳೆಯುತ್ತಾನೆ, ಎದುರುಮನೆಯವರು "ರೀ, ನೆಟ್ ಹೋಯ್ತು!" ಎಂದು ಬಾಲ್ಕನಿಗೆ ಓಡಿಬರುತ್ತಾರೆ. ಅವರಿಗೂ ದೂರಿನ ಟಿಕೆಟ್ ಹಾಕಲು ಹೇಳಿ ಕೆಳಗಿಳಿಯುತ್ತಾನೆ.

"ಪಿಂಗ್ ಹಾಗೇ ಇದೆಯಲ್ಲಪ್ಪ?"

"ಮೊಬೈಲ್ ಡೇಟಾದಲ್ಲಿ ಆಡಿ ಸರ್. ನಮ್ಮನೇಲೂ ಹಂಗೇ ಆಡೋದು."