ಮೂರನೇ ನಡೆಯಲ್ಲಿ ಬೀಡು

ಇಂದು ಕಚೇರಿಯಲ್ಲಿ ನನಗೆ ಬಿದ್ದ ಲೇಟ್ ಮಾರ್ಕಿಗೆ, 1561ರಲ್ಲಿ ಚದುರಂಗದ ಪುಸ್ತಕ ಬರೆದ ರೂಯ್ ಲೋಪೆಜ್ ಎಂಬ ಸ್ಪೇನಿನ ಪಾದ್ರಿ ಕಾರಣನೆಂದರೆ ಯಾವ ಮೇಲಧಿಕಾರಿಯೂ ನಂಬಲಾರ. ನಾನೂ ಹೇಳಲು ಹೋಗಲಿಲ್ಲ.

ಕಳೆದ ಭಾನುವಾರ ನಮ್ಮ ಡೊಂಬಿವಲಿಯ ಸೊಸೈಟಿ ಪಂದ್ಯದಲ್ಲಿ ನಾನು 42 ನಡೆಗಳಲ್ಲಿ ಸೋತೆ. ಸೋತದ್ದಕ್ಕಿಂತ ದೊಡ್ಡ ತಪ್ಪೆಂದರೆ, ನಡೆಗಳನ್ನು ಬರೆದಿಟ್ಟ ಹಾಳೆಯನ್ನು ಪಕ್ಕದ ಮನೆಯ ರಾಯರಿಗೆ ತೋರಿಸಿದ್ದು. 27ನೇ ನಡೆಯಲ್ಲಿ ನನ್ನ ಕುದುರೆ ಎದುರಾಳಿಯ ರಾಜನ ಮೇಲೂ ಆನೆಯ ಮೇಲೂ ಏಕಕಾಲಕ್ಕೆ ಎರಗಿದ್ದನ್ನು ಯಾರಾದರೂ ನೋಡಿ ‘ಭೇಷ್’ ಎನ್ನಲಿ ಎಂಬಷ್ಟೇ ನನ್ನ ಆಸೆಯಾಗಿತ್ತು. ರಾಯರು ಆಟವನ್ನು ಮೊಬೈಲಿಗೆ ಏರಿಸಿಕೊಂಡು ಸೋಮವಾರದಿಂದ ಮುಂಬೈಗೆ ಹೋಗುವ ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ ಪರಾಮರ್ಶೆಗೆ ತೊಡಗಿದರು.

ಮೂರನೇ ನಡೆಯಲ್ಲಿ ನನ್ನ ಬಿಳಿಯ ಒಂಟೆ ಬಿ5 ಮನೆಗೆ ಬಂದದ್ದೇ ತಡ, ಅವರು ಅಲ್ಲೇ ಬೀಡುಬಿಟ್ಟರು. ಈ ಆರಂಭಕ್ಕೆ ಆ ಪಾದ್ರಿಯದೇ ಹೆಸರು; ಸೋಮವಾರ ಅವನ ಚರಿತ್ರೆಯಾಯಿತು. ಮಂಗಳವಾರ, 2000ರಲ್ಲಿ ಲಂಡನ್ನಿನ ವಿಶ್ವ ಪಟ್ಟದ ಪಂದ್ಯದಲ್ಲಿ ಕ್ರಾಮ್ನಿಕ್, ಈ ಒಂಟೆಯ ನಡೆಗೆ ಕಪ್ಪಿನ ಉತ್ತರವಾದ ಬರ್ಲಿನ್ ರಕ್ಷಣೆಯಿಂದ ಕಾಸ್ಪರೋವ್‌ನನ್ನು ಕಟ್ಟಿಹಾಕಿದ ಕಥೆ ಕುರ್ಲಾದವರೆಗೆ ನಡೆಯಿತು.

“ನಿಮ್ಮ ಎದುರಾಳಿ ಇದನ್ನೇ ಆಡಿದ್ದರೆ?”

“ಆಡಲಿಲ್ಲವಲ್ಲ ರಾಯರೇ.”

“ಆಡಿದ್ದರೆ?”

ಬುಧವಾರವೂ ‘ಆಡಿದ್ದರೆ’ಯಲ್ಲೇ ಕಳೆಯಿತು. ಇಂದು ಅಂತೂ 11ನೇ ನಡೆಗೆ ತಲುಪಿದೆವು. ಅಲ್ಲಿ ನನ್ನ ಒಂಟೆಯ ಮುಂದೆ ಮೂರು ಕಪ್ಪು ಕಾಲಾಳುಗಳು, ಬೆನ್ನ ಹಿಂದೆ ಸ್ವಂತದವೇ ಎರಡು. ಅದಕ್ಕೆ ಅತ್ತಿತ್ತ ಅಲುಗಲೂ ಜಾಗವಿರಲಿಲ್ಲ. ಇದಕ್ಕೆ ‘ನೋಹನ ನಾವೆಯ ಬಲೆ’ ಎಂದು ಹೆಸರಂತೆ. ರಾಯರು ಮೊಬೈಲನ್ನು ನನ್ನ ಮೂಗಿನ ಬಳಿ ಹಿಡಿದು ವಿವರಿಸುತ್ತಿದ್ದಾಗಲೇ ನಾನು ಇಳಿಯಬೇಕಾದ ದಾದರ್ ಬಂತು. ಬಾಗಿಲ ಕಡೆ ಮೂವರು ಬೆನ್ನುಚೀಲದವರು ಅಲುಗದೆ ನಿಂತಿದ್ದರು, ಹಿಂದಿನಿಂದ ರಾಯರು ನನ್ನ ತೋಳು ಹಿಡಿದು, “ತಪ್ಪು ಹನ್ನೊಂದರಲ್ಲಲ್ಲ, ಎಂಟರಲ್ಲಿ! ಮಂತ್ರಿಯಿಂದ ಆ ಕಾಲಾಳನ್ನು ಹೊಡೆಯಬಾರದಿತ್ತು” ಎನ್ನುತ್ತಿದ್ದರು. ಒಂಟೆಯ ಸಂಕಟ ನನಗೆ ಆಗ ಸಂಪೂರ್ಣವಾಗಿ ಅರ್ಥವಾಯಿತು. ನಾನು ಇಳಿದದ್ದು ಭಾಯ್ಖಳಾದಲ್ಲಿ. ರಾಯರ ಕಚೇರಿ ಕೊನೆಯ ನಿಲ್ದಾಣದಲ್ಲಿರುವುದರಿಂದ ಅವರಿಗೆ ಇಂಥ ಆಪತ್ತುಗಳಿಲ್ಲ.

ಮರಳಿ ದಾದರಿಗೆ ಬರುವಾಗ ಅಪ್ಪ ನೆನಪಾದರು. ಧಾರವಾಡದ ಮನೆಯ ಕಟ್ಟೆಯ ಮೇಲೆ ಅವರು ಆಡಿದ ಆಟಗಳ ಒಂದು ನಡೆಯನ್ನೂ ಯಾರೂ ಬರೆದಿಡಲಿಲ್ಲ. ಆಟ ಮುಗಿದೊಡನೆ ಕಾಯಿಗಳು ಬಿಸ್ಕತ್ತಿನ ಡಬ್ಬಿ ಸೇರುತ್ತಿದ್ದವು. ಅವುಗಳಲ್ಲಿ ಒಂದು ಸಿಕ್ಕಿದ್ದರೆ ಅದರ ಮೂರನೇ ನಡೆಯಲ್ಲಿ ನಾನೂ ನಾಲ್ಕು ದಿನ ಬೀಡುಬಿಡುತ್ತಿದ್ದೆನೇನೋ.

ಈಗಷ್ಟೇ ರಾಯರ ಸಂದೇಶ ಬಂದಿದೆ: “ನಾಳೆ ಎಂಟರಿಂದ ಆರಂಭಿಸೋಣ. ಅದಕ್ಕೂ ಮುನ್ನ ಮೂರನೆಯದರ ಬಗ್ಗೆ ಒಂದು ಮಾತು ಉಳಿದಿದೆ.”